ನಿನ್ನೆ ಮೊಣಕಾಲೂರಿ ಕೂತೆ

ನಿನ್ನೆ ಮಗಳ ಶೂ ಲೇಸ್ ಕಟ್ಟಲು ಬಲಮೊಣಕಾಲನ್ನು ನೆಲಕ್ಕೆ ಊರಿದೆ. ಬಿಸಿನೀರು ಬಿದ್ದು ಕಾಲು ಸುಟ್ಟ ಮೇಲೆ, ಈ 14 ತಿಂಗಳಲ್ಲಿ ಇದೇ ಮೊದಲು. ಅವಳಿಗೆ ಅದೆಲ್ಲ ಎಲ್ಲಿ ಗೊತ್ತು, "ಬೇಗ ಕಟ್ಟಮ್ಮಾ" ಅಂದಳು. ನನಗೆ ಕಣ್ಣು ತುಂಬಿ ಗಂಟು ಕಾಣಿಸಲಿಲ್ಲ.

ಮೊದಲ ಕೃತಜ್ಞತೆ ಪಕ್ಕದ ಮನೆಯ ಅಕ್ಕನಿಗೆ. ಪಾತ್ರೆಯ ಹಿಡಿ ಒಲೆಯಿಂದ ಹೊರಗೆ ಚಾಚಿತ್ತು. ಕೈ ತಗುಲಿ ಕುದಿಯುವ ನೀರೆಲ್ಲ ಮೊಣಕಾಲಿನ ಮೇಲೆ ಬಿತ್ತು, ಅದರ ಹಿಂದೆ ಕಾಲು ಮಡಚುವ ಮಡಿಕೆಯವರೆಗೂ ಇಳಿಯಿತು. ಕೂಗು ಕೇಳಿ ಓಡಿಬಂದ ಅಕ್ಕ ಬಿಸಿನೀರು ಹೀರಿದ್ದ ಪ್ಯಾಂಟನ್ನು ಕತ್ತರಿಸಿ ತೆಗೆದರು. ಕಾಲನ್ನು ನಲ್ಲಿಯ ಕೆಳಗೆ ಹಿಡಿದು ಗಡಿಯಾರ ನೋಡುತ್ತಾ ನಿಂತರು. ಐದು ನಿಮಿಷಕ್ಕೇ ನಾನು ಸಾಕು ಅಂದೆ. ಅವರು ಬಿಡಲಿಲ್ಲ, ಪೂರ್ತಿ 20 ನಿಮಿಷ. ಚರ್ಮದ ಒಳಗಿನ ಬಿಸಿ ಅಷ್ಟು ಬೇಗ ಆರಲ್ಲ. ಯಾರೋ ಐಸ್ ತಂದರು, ಇನ್ಯಾರೋ ಟೂತ್‌ಪೇಸ್ಟ್. ಅಕ್ಕ ಎರಡನ್ನೂ ಹತ್ತಿರ ಬಿಡಲಿಲ್ಲ.

ಮಡಿಕೆಯ ಹತ್ತಿರ ಒಂದು ಕಡೆ ಬೆಳ್ಳಗಾಗಿತ್ತು, ಅಲ್ಲಿ ನೋವೇ ಇರಲಿಲ್ಲ. ನಾನು ಅದನ್ನು ಒಳ್ಳೆಯದು ಅಂದುಕೊಂಡಿದ್ದೆ. ನರಗಳೇ ಸುಟ್ಟಿವೆ, ಇದೇ ಆಳವಾದ ಗಾಯ ಅಂತ ಡಾಕ್ಟರ್ ಬಿಡಿಸಿ ಹೇಳಿದರು. ತೊಡೆಯ ಚರ್ಮ ತೆಗೆದು ಅಲ್ಲಿ ಹಾಕಿದರು. ಅವರಿಗೂ ನನ್ನ ನಮಸ್ಕಾರ.

ರಾತ್ರಿ ಪಾಳಿಯ ಸಿಸ್ಟರ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಮೊಣಕಾಲಿನ ಕೆಳಗೆ ದಿಂಬು ಇಟ್ಟುಕೊಂಡರೆ ಎಷ್ಟು ಹಾಯೆನಿಸುತ್ತಿತ್ತು! ಅವರು ಪ್ರತಿ ಸಲ ಬಂದು ಅದನ್ನು ಎಳೆದುಬಿಡುತ್ತಿದ್ದರು. ನಾನು ಅತ್ತಿದ್ದೇನೆ, ಸಿಟ್ಟಿನಿಂದ ಮಾತಾಡಿದ್ದೇನೆ. "ಮಡಚಿ ಮಲಗಿದರೆ ಚರ್ಮ ಹಾಗೇ ಬಿಗಿದುಕೊಳ್ಳುತ್ತಮ್ಮಾ, ಆಮೇಲೆ ಕಾಲು ನೆಟ್ಟಗಾಗಲ್ಲ" ಅನ್ನುತ್ತಿದ್ದರು, ಕಾಲು ನೆಟ್ಟಗಿರಲೆಂದು ಕಟ್ಟಿದ್ದ ಸ್ಪ್ಲಿಂಟಿನ ಪಟ್ಟಿ ಸರಿಮಾಡುತ್ತಾ. ಸಿಸ್ಟರ್, ಆ ಮಾತುಗಳಿಗೆ ಕ್ಷಮಿಸಿ. ಇವತ್ತು ನನ್ನ ಕಾಲು ಪೂರ್ತಿ ನೆಟ್ಟಗಿದೆ.

ಫಿಸಿಯೋಥೆರಪಿ ಶುರುವಾದಾಗ ಕಾಲು ಮಡಚುತ್ತಿದ್ದದ್ದು 40 ಡಿಗ್ರಿ. ಮೆಟ್ಟಿಲು ಹತ್ತಲು 90ರ ಹತ್ತಿರ ಬೇಕು. ಒಂದೊಂದು ವಾರ ಎರಡೇ ಡಿಗ್ರಿ ಹೆಚ್ಚಿದರೂ ಫಿಸಿಯೋ ಮೇಡಂ ನನಗಿಂತ ಜಾಸ್ತಿ ಖುಷಿಪಡುತ್ತಿದ್ದರು. ಗಾಯ ಮಾಗಿದರೆ ಕೆಲಸ ಮುಗಿಯಿತು ಅಂದುಕೊಂಡಿದ್ದವಳಿಗೆ, ಕಲೆ ಒಂದು ವರ್ಷಕ್ಕೂ ಮೇಲೆ ಬಿಗಿಯುತ್ತಲೇ ಇರುತ್ತೆ ಅಂತ ಗೊತ್ತಾಗಿದ್ದು ಅವರಿಂದಲೇ. ದಿನಕ್ಕೆ 23 ಗಂಟೆ ಪ್ರೆಶರ್ ಗಾರ್ಮೆಂಟ್, ಅಂದರೆ ಕಲೆಯನ್ನು ಒತ್ತಿ ಹಿಡಿಯುವ ಬಿಗಿಯಾದ ಬಟ್ಟೆ, ಹಾಕಬೇಕಿತ್ತು. ಬಿಚ್ಚಿದ ಆ ಒಂದು ಗಂಟೆಯಲ್ಲಿ ನನ್ನವರು ಕ್ರೀಮ್ ಹಚ್ಚಿ ತಿಕ್ಕುತ್ತಿದ್ದರು. ಹೊಸ ಚರ್ಮಕ್ಕೆ ತನ್ನದೇ ಎಣ್ಣೆಯಂಶ ಇರಲ್ಲ, ಒಣಗಿ ಸೀಳುತ್ತೆ. ರಾತ್ರಿ ತುರಿಕೆ ತಡೆಯಲಾಗದೆ ಎದ್ದರೆ, ಕೆರೆಯಬೇಡ ಅಂತ ಅಂಗೈಯಿಂದ ಮೆಲ್ಲಗೆ ತಟ್ಟುತ್ತಾ ಕೂರುತ್ತಿದ್ದರು. ಬೆಳಿಗ್ಗೆ ಎದ್ದು ಕೆಲಸಕ್ಕೂ ಹೋಗುತ್ತಿದ್ದರು.

ಈಗ ಮನೆಯಲ್ಲಿ ಪಾತ್ರೆಯ ಹಿಡಿ ಒಳಗೆ ತಿರುಗಿಸಲು ನೆನಪಿಸುವ ಕೆಲಸ ಮಗಳದ್ದು. ಒಲೆಯಿಂದ ದೂರ ನಿಂತೇ "ಅಮ್ಮಾ, ಹಿಡಿ!" ಅಂತ ಕೂಗುತ್ತಾಳೆ. ನಾನು ತಿರುಗಿಸುತ್ತೇನೆ.

ಅಕ್ಕಾ, ಭಾನುವಾರ ನಿಮ್ಮ ಮನೆಗೆ ಬರುತ್ತೇವೆ. ಮೆಟ್ಟಿಲು ನಾನೇ ಹತ್ತುತ್ತೇನೆ.