ಹಾಫ್ ಟಿಕೆಟ್ ಎಲ್ಲಿಯವರೆಗೆ, ಫ್ರೀ ಯಾವ ದಿನದಿಂದ? ಅಕ್ಕಲಕೋಟದ ಶಾಸಕರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಶಾಸಕರೇ, ನಮಸ್ಕಾರ.

ಮಹಾರಾಷ್ಟ್ರದ ಸರ್ಕಾರಿ ಸಾರಿಗೆಯ, ಅಂದರೆ ಎಸ್‌ಟಿ ಬಸ್ಸಿನ ರಿಯಾಯಿತಿ ನಮ್ಮ ತಾಲೂಕಿಗೆ ಬಹಳ ಉಪಕಾರ ಮಾಡಿದೆ. 75 ದಾಟಿದವರಿಗೆ 2022ರ ಆಗಸ್ಟ್ 26ರಿಂದ ಪೂರ್ತಿ ಫ್ರೀ. 65 ದಾಟಿದವರಿಗೆ ಅರ್ಧ. 2023ರ ಮಾರ್ಚ್ 17ರಿಂದ ಎಲ್ಲ ಹೆಣ್ಣುಮಕ್ಕಳಿಗೂ ಅರ್ಧ. ಸೊಲ್ಲಾಪುರದ ದವಾಖಾನೆಗೆ ಹೋಗಿ ಬರುವ ಮುದುಕರಿಗೆ, ದುಡಿಯಲು ಹೋಗುವ ಹೆಂಗಸರಿಗೆ ಇದು ಸಣ್ಣ ದುಡ್ಡಲ್ಲ. ಯೋಜನೆ ಚೆನ್ನಾಗಿದೆ. ಅದು ಯಾರಿಗೆ, ಯಾವ ಬಸ್ಸಿನಲ್ಲಿ, ಎಲ್ಲಿಯವರೆಗೆ ಎಂದು ಜನರಿಗೆ ಸರಿಯಾಗಿ ಹೇಳುತ್ತಿಲ್ಲ ಎಂಬುದೇ ನನ್ನ ದೂರು.

ಪುಣೆಯವರಿಗೆ, ನಾಗಪುರದವರಿಗೆ ಈ ತೊಂದರೆ ಅಷ್ಟಿಲ್ಲ. ನಮ್ಮದು ಗಡಿ. ದುಧನಿ ದಾಟಿದರೆ ಕರ್ನಾಟಕದ ಅಫಜಲಪುರ ತಾಲೂಕು, ವಾಗ್ದರಿ ದಾಟಿದರೆ ಆಳಂದ. ಮಹಾರಾಷ್ಟ್ರದ ರಿಯಾಯಿತಿ ಮಹಾರಾಷ್ಟ್ರದ ಗಡಿಯವರೆಗೆ ಮಾತ್ರ. ಗಾಣಗಾಪುರಕ್ಕೆ ಹೊರಟ ಹೆಣ್ಣುಮಗಳು ಎಸ್‌ಟಿ ಹತ್ತಿದರೆ ಗಡಿಯವರೆಗೆ ಅರ್ಧ, ಅಲ್ಲಿಂದ ಮುಂದೆ ಪೂರ್ತಿ. ಅದೇ ಸ್ಟ್ಯಾಂಡಿನಿಂದ ಕರ್ನಾಟಕದ ಗಾಡಿ ಹತ್ತಿದರೆ ಇಲ್ಲಿಯ ಅರ್ಧವೂ ಇಲ್ಲ, ಯಾಕಂದ್ರೆ ಆ ರಿಯಾಯಿತಿ ಇರುವುದು ಎಸ್‌ಟಿಯಲ್ಲಿ ಮಾತ್ರ. ಇದು ಹತ್ತುವ ಮೊದಲೇ ಗೊತ್ತಿದ್ದರೆ ಯಾವ ಗಾಡಿ ಹತ್ತಬೇಕೆಂದು ಅವಳೇ ನೋಡಿಕೊಳ್ಳುತ್ತಾಳೆ, ಅಲ್ವಾ? ಗೊತ್ತಾಗುವುದು ಮಾತ್ರ ಟಿಕೆಟ್ ಹರಿದ ಮೇಲೆ.

ಹುಣ್ಣಿಮೆಯ ದಿನ ಒಂದು ಬಸ್ಸಿನಲ್ಲಿ ಇದನ್ನೇ ನೋಡಿದೆ. ಅಜ್ಜಿಯೊಬ್ಬರು ಸೆರಗಿನ ಗಂಟು ಬಿಚ್ಚಿ ಆಧಾರ್ ತೋರಿಸಿ, "ಯಪ್ಪಾ, ನಂದು ಫ್ರೀ ಅಲ್ಲೇನು?" ಎಂದು ಕೇಳುತ್ತಲೇ ಇದ್ದರು. ಕಂಡಕ್ಟರ್ ಮರಾಠಿಯಲ್ಲಿ ಏನೋ ಹೇಳಿ ಮುಂದೆ ಹೋದರು. ಕಡೆಗೆ ಪಕ್ಕದಲ್ಲಿದ್ದವರು ದುಡ್ಡು ಕೊಟ್ಟರು. ಅಜ್ಜಿಗೆ ದುಡ್ಡಿಗಿಂತ ಜಾಸ್ತಿ ನೋವಾಗಿದ್ದು ಎಲ್ಲರ ಮುಂದೆ ತಾನು ಸುಳ್ಳು ಹೇಳಿದಂತಾಯಿತು ಎಂದು. ಕಂಡಕ್ಟರನ್ನೂ ನಾನು ಬಯ್ಯುವುದಿಲ್ಲ. ತುಂಬಿದ ಬಸ್ಸಿನಲ್ಲಿ ಒಬ್ಬೊಬ್ಬರಿಗೂ ನಿಯಮ ಬಿಡಿಸಿ ಹೇಳಲು ಅವರಿಗೆ ಸಮಯ ಎಲ್ಲಿದೆ?

ಇನ್ನು ನಮ್ಮ ಬೀಗತನ. ಇಲ್ಲಿಯ ಮಗಳು ಆಳಂದಕ್ಕೆ, ಅಲ್ಲಿಯ ಮಗಳು ಇಲ್ಲಿಗೆ. 2023ರ ಜೂನ್ 11ರಿಂದ ಕರ್ನಾಟಕದಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಫ್ರೀ ಮಾಡಿರುವ ಶಕ್ತಿ ಯೋಜನೆ ಇದೆ. ಆದರೆ ಅದಕ್ಕೆ ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ಬೇಕು. ಆಳಂದಕ್ಕೆ ಸೊಸೆಯಾಗಿ ಹೋದವಳ ಆಧಾರಿನಲ್ಲಿ ಇನ್ನೂ ತವರಿನ ವಿಳಾಸವಿದ್ದರೆ, ಗಂಡನ ಊರಿನಲ್ಲೇ ಇದ್ದರೂ ಅದನ್ನು ತೋರಿಸಿ ಝೀರೋ ಟಿಕೆಟ್ ಪಡೆಯಲಾಗದು. ವಿಳಾಸ ಬದಲಿಸಿಕೊಳ್ಳಿ ಎಂದು ಒಂದು ಮಾತು ಹೇಳುವವರು ಬೇಕು. ಅದು ಕರ್ನಾಟಕದ ಯೋಜನೆ, ನಮಗೇನು ಸಂಬಂಧ ಎನ್ನಬೇಡಿ. ಅವರು ನಮ್ಮ ಮನೆಯ ಹೆಣ್ಣುಮಕ್ಕಳು.

75 ಯಾವತ್ತು ತುಂಬುತ್ತದೆ ಎನ್ನುವುದೂ ಒಂದು ಪ್ರಶ್ನೆಯೇ. ಹಳೆಯ ಆಧಾರ್ ಕಾರ್ಡು ಎಷ್ಟೋ ಜನರದ್ದು ಹುಟ್ಟಿದ ವರ್ಷ ಮಾತ್ರ ಹೇಳುತ್ತದೆ, ತಾರೀಖು ಹೇಳುವುದಿಲ್ಲ. ಅಂಥವರಿಗೆ ಜನವರಿಯಿಂದ ಫ್ರೀಯೋ, ವರ್ಷ ಮುಗಿದ ಮೇಲೋ? ಇದನ್ನು ಒಬ್ಬ ಕಂಡಕ್ಟರ್ ಒಂದು ರೀತಿ, ಇನ್ನೊಬ್ಬರು ಇನ್ನೊಂದು ರೀತಿ ತೀರ್ಮಾನ ಮಾಡಬಾರದು. ವಿಭಾಗದ ಅಧಿಕಾರಿಗಳಿಂದ ಲಿಖಿತ ಉತ್ತರ ತರಿಸಿ ಎಲ್ಲ ಡಿಪೋಗಳಿಗೂ ಕಳಿಸಿ.

ಗಡಿ ಭಾಗದ ಪ್ರತಿ ಬಸ್ ಸ್ಟ್ಯಾಂಡಿನಲ್ಲಿ ಮರಾಠಿಯ ಪಕ್ಕದಲ್ಲೇ ಕನ್ನಡದಲ್ಲೂ ದೊಡ್ಡ ಅಕ್ಷರದ ಬೋರ್ಡು ಹಾಕಿಸಿ. ಮರಾಠಿಗೆ ಎದುರಾಗಿ ಕೇಳುತ್ತಿಲ್ಲ. ಕನ್ನಡ ಶಾಲೆಯಲ್ಲಿ ಕಲಿತವರು ಇಲ್ಲಿ ಬೇಕಾದಷ್ಟು ಜನ ಇದ್ದೇವೆ. ಬೋರ್ಡು ಒಂದೇ ಸಾಲದು. ರಿಯಾಯಿತಿ ಹೆಚ್ಚಾಗಿ ಬೇಕಾದ ಅಜ್ಜ ಅಜ್ಜಿಯರಲ್ಲಿ ಓದಲು ಬಾರದವರೇ ಜಾಸ್ತಿ. ಗಾಡಿ ಹೊರಡುವ ಮೊದಲು ಮೈಕಿನಲ್ಲಿ ಎರಡೂ ಭಾಷೆಯಲ್ಲಿ ಹೇಳಲಿ: "ಹಾಫ್ ಟಿಕೆಟ್ ಇಂಥ ಊರಿನವರೆಗೆ, ಮುಂದೆ ಪೂರ್ತಿ." ಅರ್ಧ ನಿಮಿಷದ ಮಾತು.

ನಿಯಮ ಬದಲಾದಾಗಲೂ ಹಾಗೆಯೇ. ಹೆಣ್ಣುಮಕ್ಕಳ ಅರ್ಧ ಟಿಕೆಟನ್ನು ಬಜೆಟ್‌ನಲ್ಲಿ ಹೇಳಿದ್ದು ಮಾರ್ಚ್ 9ಕ್ಕೆ, ಜಾರಿಯಾದದ್ದು 17ಕ್ಕೆ. ಎಂಟು ದಿನದಲ್ಲಿ ಸುದ್ದಿ ಹಳ್ಳಿಯವರೆಗೆ ತಾನಾಗಿ ಬರುವುದಿಲ್ಲ. ಮುಂದೆ ಇಂಥದ್ದೇನಾದರೂ ಬಂದರೆ, ಶುರುವಾಗುವ ದಿನಕ್ಕೆ ಮೊದಲೇ ಗ್ರಾಮ ಪಂಚಾಯ್ತಿಗಳಲ್ಲಿ ಡಂಗುರ ಹೊಡೆಸಿ.

ದುಧನಿ, ವಾಗ್ದರಿ, ಮೈಂದರ್ಗಿ ಈ ಮೂರು ಕಡೆ ಮೊದಲು ಶುರು ಮಾಡಿ. ಬೋರ್ಡಿನಲ್ಲಿ ಬರೆಯಬೇಕಾದ ಕನ್ನಡ ಬರೆದುಕೊಡಲು ನಾನು ಸಿದ್ಧ. ನಮ್ಮ ಶಾಲೆಗಳ ಮಾಸ್ತರರೂ ಇದ್ದಾರೆ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರ