ಹೆಸರು ಕೇಳದೇ ಬಿಟ್ಟ ಅಣ್ಣನಿಗೆ

ಅಣ್ಣ, ಕಳೆದ ವರ್ಷ ಹಳೇ ರೆಕಾರ್ಡ್ ಅಂಗಡಿಯಲ್ಲಿ ಹಳೇ ಹಾಡಿನ ತುಣುಕು (ಸ್ಯಾಂಪಲ್) ಇಟ್ಟು ಮಾಡಿದ ನನ್ನ ಹಿಪ್-ಹಾಪ್ ಬೀಟ್ ಕೇಳಿದಿರಿ. ಹೆಡ್‌ಫೋನ್ ತೆಗೆದು, ‘ಸ್ಯಾಂಪಲ್ ಚೆನ್ನಾಗಿದೆ, ಡ್ರಮ್ ಮಾತ್ರ ಗಡಿಯಾರದ ಥರ ಹೊಡೀತಿದೆ’ ಅಂದಿರಿ. ಅಷ್ಟಕ್ಕೇ ಬಿಡಲಿಲ್ಲ. ಸ್ಟೂಲ್ ಎಳೆದುಕೊಂಡು ಕೂತು, ನನ್ನ ಲ್ಯಾಪ್‌ಟಾಪಿನಲ್ಲಿ ಪ್ರತಿ ಹೊಡೆತವನ್ನೂ ತಾಳಕ್ಕೆ ಕರಾರುವಾಕ್ಕಾಗಿ ಕೂರಿಸುವ ಕ್ವಾಂಟೈಸ್ ಆಫ್ ಮಾಡಿದಿರಿ. ಚಟ್ ಅನ್ನುವ ಸ್ನೇರ್ ಡ್ರಮ್ ಕೂದಲೆಳೆಯಷ್ಟು ಮುಂಚೆ, ಧಮ್ ಅನ್ನುವ ಕಿಕ್ ಡ್ರಮ್ ಸ್ವಲ್ಪ ತಡ. ಅದೇ ನಾಲ್ಕು ಬಾರ್‌ಗೆ (ತಾಳದ ಆವರ್ತಕ್ಕೆ) ತಲೆ ತಾನಾಗೇ ಆಡತೊಡಗಿತು!

ಡೆಟ್ರಾಯಿಟ್‌ನ ಹಿಪ್-ಹಾಪ್ ಬೀಟ್ ಮೇಕರ್ ಜೆ ಡಿಲ್ಲಾ ಎಂಪಿಸಿ 3000 ಅನ್ನೋ ಸ್ಯಾಂಪ್ಲರ್ ಮಷೀನಿನಲ್ಲಿ ಹೀಗೇ ಬೆರಳಲ್ಲಿ ಡ್ರಮ್ ನುಡಿಸುತ್ತಿದ್ದರು ಅಂದಿರಿ. ಆ ಮಷೀನ್ ಈಗ ವಾಷಿಂಗ್ಟನ್‌ನ ಮ್ಯೂಸಿಯಮ್ಮಿನಲ್ಲಿದೆ. 1987ರ ಎಸ್‌ಪಿ-1200 ಅನ್ನೋ ಇನ್ನೊಂದು ಸ್ಯಾಂಪ್ಲರಿನಲ್ಲಿ ಸ್ಯಾಂಪಲ್‌ಗೆ ಇದ್ದದ್ದೇ ಸುಮಾರು 10 ಸೆಕೆಂಡ್ ಜಾಗ. ಅದಕ್ಕೇ ನಿಮಿಷಕ್ಕೆ 33 ಸುತ್ತಿನ ರೆಕಾರ್ಡನ್ನು 45ರ ವೇಗದಲ್ಲಿ ಓಡಿಸಿ ತುಂಬಿಕೊಂಡು, ಆಮೇಲೆ ನಿಧಾನ ಮಾಡುತ್ತಿದ್ದರು. ಆ ಕಾಲದ ಬೀಟ್‌ಗಳ ಒರಟು ದನಿಯಲ್ಲಿ ಇದರ ಪಾಲೂ ಇದೆ. ನನಗೆ ಇದನ್ನೆಲ್ಲ ಯಾರೂ ಹೇಳಿರಲಿಲ್ಲ.

ಈಗ ಲೂಪನ್ನು (ಮತ್ತೆ ಮತ್ತೆ ಸುತ್ತುವ ತುಣುಕನ್ನು) ಸುಮ್ನೆ ಎತ್ತಿ ಇಡುವುದಿಲ್ಲ. ಎಂಟು ಚೂರು ಮಾಡಿ, ಪ್ಯಾಡ್ ಮೇಲೆ ಹೊಸದಾಗಿ ನುಡಿಸುತ್ತೇನೆ. ತಗ್ಗು ಸ್ವರದ ಬೇಸ್‌ಲೈನ್‌ಗೆ ಜಾಗ ಬೇಕಲ್ವಾ, ಸ್ಯಾಂಪಲಿನ ತಗ್ಗು ದನಿ ಕತ್ತರಿಸುತ್ತೇನೆ.

ತುಂಬಾ ಥ್ಯಾಂಕ್ಸ್ ಅಣ್ಣ. ಆ ಬೀಟ್ ಮುಗಿದಿದೆ. ಮೊದಲು ನಿಮಗೇ ಕೇಳಿಸಬೇಕು.