ಹಳೆ ಕಾರಿಗೆ ಬೋರ್‌ವೆಲ್ ನೀರು ಬೇಡ

ಮಾನ್ಯರೇ,

ದಾವಣಗೆರೆ–ಚಿತ್ರದುರ್ಗದ ನಡುವೆ ದಿನವೂ ಓಡಾಡುವವರಿಗೆ ಹಳೆಯ ಮಾರುತಿ 800 ಇಂದಿಗೂ ಒಳ್ಳೆಯ ಆಯ್ಕೆ. 796 ಸಿಸಿಯ ಮೂರು ಸಿಲಿಂಡರ್ ಎಂಜಿನ್, ಸಣ್ಣ ರಿಪೇರಿಗೆ ಪಕ್ಕದ ಗ್ಯಾರೇಜೇ ಸಾಕು. ಬಾಗಿಲಿಗೆ ಗೀರು ಬಿದ್ದರೂ ನಿದ್ದೆ ಕೆಡುವುದಿಲ್ಲ. ಆ ನೆಮ್ಮದಿ ಸಣ್ಣದಲ್ಲ.

ಆದರೆ ನಮ್ಮ ಕಡೆಯ ಗಡಸು ಬೋರ್‌ವೆಲ್ ನೀರನ್ನು ರೇಡಿಯೇಟರಿಗೆ ಸುರಿಯಬೇಡಿ. ಸುಣ್ಣ ಕಟ್ಟಿ ಒಳಗಿನ ಕೊಳವೆಗಳು ಕಿರಿದಾಗುತ್ತವೆ, ಎಂಜಿನ್ ಕಾದು ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಮೇಲ್ಭಾಗ, ಕೆಳಭಾಗಗಳ ನಡುವಿನ ಸೀಲ್) ಹೋಗುತ್ತದೆ. ಕೂಲೆಂಟ್, ಡಿಸ್ಟಿಲ್ಡ್ ವಾಟರ್ ಸಮಪಾಲು ಬೆರೆಸಿ ತುಂಬಿಸಿ, ಎರಡು ವರ್ಷಕ್ಕೊಮ್ಮೆ ಬದಲಿಸಿ. ಬೇಸಿಗೆಗೆಂದು ಥರ್ಮೋಸ್ಟಾಟ್ (ಬಿಸಿಗೆ ತಕ್ಕಂತೆ ಕೂಲೆಂಟ್ ಹರಿವನ್ನು ನಿಯಂತ್ರಿಸುವ ಕವಾಟ) ಕಿತ್ತುಹಾಕುವುದು ತಪ್ಪು: ಎಂಜಿನ್ ಬೇಕಾದಷ್ಟು ಬಿಸಿಯಾಗದೆ ಪೆಟ್ರೋಲ್ ಹೆಚ್ಚು ಕುಡಿಯುತ್ತದೆ.

ಆರ್‌ಸಿಗೆ (ಕಾರಿನ ನೋಂದಣಿ ಪತ್ರಕ್ಕೆ) 15 ವರ್ಷ ತುಂಬಲು 60 ದಿನ ಇರುವಾಗಲೇ ಅದರ ನವೀಕರಣದ ಅರ್ಜಿಯಾದ ಫಾರಂ 25 ಸಲ್ಲಿಸಿ. ತಪಾಸಣೆಯಲ್ಲಿ ಪಾಸಾದರೆ ಮತ್ತೆ ಐದು ವರ್ಷ ಓಡಿಸಬಹುದು.

– ಓದುಗರು, ಚಿತ್ರದುರ್ಗ